ಅಡಿಕೆ ಚಪ್ಪರದಲ್ಲೂ ಅದೇ ಸಿಟ್ಟು

ಪ್ರಶ್ನೆ: ಮೇಷ್ಟ್ರೇ, ಅಮೆರಿಕದಲ್ಲಿ ಎಷ್ಟೋ ಬಡ ಬಿಳಿಯರು ಬಡವರ ಸವಲತ್ತು ಕಡಿತ ಮಾಡ್ತೀನಿ ಅನ್ನೋ ನಾಯಕರಿಗೇ ಓಟು ಹಾಕ್ತಾರಂತೆ. ತಮ್ಮ ಹೊಟ್ಟೆ ಮೇಲೆ ತಾವೇ ಯಾಕೆ ಹೊಡ್ಕೊಳ್ತಾರೆ? ನಮ್ಮ ಕಡೆಯೂ ಗೃಹಲಕ್ಷ್ಮಿ ಬಗ್ಗೆ ಇಂಥದೇ ಮಾತು ಕಿವಿಗೆ ಬೀಳ್ತಿದೆ.
– ಓದುಗರೊಬ್ಬರು, ಹೊಸನಗರ

ಉತ್ತರ: ನನಗೆಷ್ಟು ಸಿಗುತ್ತದೆ ಅನ್ನುವುದಕ್ಕಿಂತ ಇನ್ಯಾರಿಗೆ ಸಿಗುತ್ತದೆ ಅನ್ನುವ ಲೆಕ್ಕವೇ ಅಲ್ಲಿ ಮೊದಲು. 1935ರ ಸೋಷಿಯಲ್ ಸೆಕ್ಯೂರಿಟಿ ಕಾಯ್ದೆಯ ಪಿಂಚಣಿಯಿಂದ ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಹೊರಗಿಟ್ಟರು. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರ ಪಾಲಿಗೆ ಹೆಚ್ಚಾಗಿ ಇದ್ದದ್ದೇ ಆ ಕೆಲಸಗಳು. ಸರ್ಕಾರದ ದುಡ್ಡು ಕೈಸೇರಿದರೆ ಕಡಿಮೆ ಕೂಲಿಗೆ ಆಳು ಸಿಗುವುದಿಲ್ಲ ಎಂಬ ಭಯ ಅಲ್ಲಿನ ಹತ್ತಿ ಜಮೀನುದಾರರಿಗಿತ್ತು.

ಒಗ್ಗಟ್ಟಿನ ಪ್ರಯತ್ನ ಆಗಿರಲಿಲ್ಲವೆಂದಲ್ಲ. 1890ರ ದಶಕದಲ್ಲಿ ಜಾರ್ಜಿಯಾ ರಾಜ್ಯದ, ರೈತರ ಪರವಾದ ಪಾಪ್ಯುಲಿಸ್ಟ್ ಪಕ್ಷದ ನಾಯಕ ಟಾಮ್ ವಾಟ್ಸನ್, ಬಿಳಿ ರೈತರನ್ನೂ ಕಪ್ಪು ರೈತರನ್ನೂ ಬೇರೆ ಮಾಡಿ ಇಬ್ಬರನ್ನೂ ಸುಲಿಯುತ್ತಿದ್ದಾರೆ ಎಂದು ಊರೂರು ಸಾರಿದರು. ಸೋತ ಮೇಲೆ, 1906ರಲ್ಲಿ ಅದೇ ವಾಟ್ಸನ್ ಕಪ್ಪು ಜನರ ಮತದ ಹಕ್ಕನ್ನೇ ಕಸಿಯಬೇಕು ಅನ್ನುವವರ ಜೊತೆ ನಿಂತರು. ನನಗೆ ಇದು ತೀರ ನೋವಿನ ಕತೆ. 1976ರಲ್ಲಿ ಅಧ್ಯಕ್ಷ ಚುನಾವಣೆಯ ಟಿಕೆಟ್ಟಿಗೆ ಓಡಾಡುತ್ತಿದ್ದ ರೇಗನ್, ಷಿಕಾಗೋದ ಹೆಂಗಸೊಬ್ಬಳು ಹತ್ತಾರು ಹೆಸರಲ್ಲಿ ನೆರವು ನುಂಗುತ್ತಾಳೆಂದು ಸಭೆ ಸಭೆಯಲ್ಲಿ ಹೇಳಿದರು. ಬಣ್ಣದ ಮಾತೆತ್ತಲಿಲ್ಲ, ಕೇಳಿದವರೇ ಅವಳು ಕಪ್ಪು ಹೆಂಗಸೆಂದು ಊಹಿಸಿಕೊಂಡರು.

ಜಾತಿ ಬೇರೆ, ಬಣ್ಣ ಬೇರೆ. ಆದರೆ ಆಳಿನ ಚಿಂತೆ ಎಲ್ಲ ಕಡೆಯೂ ಒಂದೇ. ಈ ಸಲದ ಕೊಯ್ಲಿನಲ್ಲಿ ಪರಿಚಯದ ನಾಯ್ಕರೊಬ್ಬರ ಮನೆಯ ಅಡಿಕೆ ಚಪ್ಪರದಲ್ಲಿ ಕೂತಿದ್ದೆ. "ಎರಡು ಸಾವಿರ ಬರೋಕೆ ಶುರುವಾದ್ಮೇಲೆ ಸುಲಿಯೋಕೆ ಜನವೇ ಇಲ್ಲ ಮೇಷ್ಟ್ರೇ, ಬಿಟ್ಟಿ ಕೊಟ್ಟು ಕೆಡಿಸಿದ್ರು" ಅಂದರು. ಮೆಟ್ಟುಗತ್ತಿ ಮುಂದೆ ಕೂತಿದ್ದ ಹೆಂಗಸು ತಲೆ ಎತ್ತದೆಯೇ ಹೇಳಿದರು: "ಮೊದ್ಲು ಜ್ವರ ಬಂದ್ರೂ ಬರ್ತಿದ್ವಿ ನಾಯ್ಕ್ರೇ. ಈಗ ಜ್ವರ ಬಂದ್ರೆ ಮಲಗ್ತೀವಿ."

ನಾಯ್ಕರ ಅಜ್ಜ 1951ರ ಕಾಗೋಡು ಸತ್ಯಾಗ್ರಹದಲ್ಲಿ, ಜಮೀನುದಾರರ ದೊಡ್ಡ ಕೊಳಗದಲ್ಲಿ ಗೇಣಿ ಅಳೆಯುವುದಿಲ್ಲವೆಂದು ಎದ್ದು ನಿಂತ ದೀವರ ಸಮುದಾಯದ ಗೇಣಿದಾರರಲ್ಲೊಬ್ಬರು. ಅಪ್ಪ 1974ರ ಭೂಸುಧಾರಣೆಯಲ್ಲಿ ತಾವು ಗೇಣಿದಾರರೆಂದು ಡಿಕ್ಲರೇಷನ್ ಅರ್ಜಿ ಹಾಕಿ ಜಮೀನು ಪಡೆದವರು. ಅದನ್ನು ಯಾರಾದರೂ ಬಿಟ್ಟಿ ಅಂದರೆ ನಾಯ್ಕರು ಸುಮ್ಮನಿರುತ್ತಾರೆಯೇ? ಇರಬಾರದು ಕೂಡ, ಅದು ಹೋರಾಡಿ ಪಡೆದ ಹಕ್ಕು.

ಅಮೆರಿಕದ ಪಿಂಚಣಿ 1950ರ ದಶಕದಲ್ಲಿ ಆ ಹೊಲದ ಕೂಲಿಗಳಿಗೂ ಮನೆಗೆಲಸದವರಿಗೂ ವಿಸ್ತರಿಸಿತು. ಎಲ್ಲ ಬಗೆಯ ಜನರಿಗೂ ಸಿಗುವುದರಿಂದ ಈಗ ಅದರ ಮೇಲೆ ಕೈ ಹಾಕಲು ಯಾವ ಪಕ್ಷವೂ ಹೆದರುತ್ತದೆ. ಬಡ ತಾಯಂದಿರ ನಗದು ನೆರವಿಗೆ ಆ ರಕ್ಷಣೆ ಇರಲಿಲ್ಲ, 1996ರಲ್ಲಿ ಅಧ್ಯಕ್ಷ ಕ್ಲಿಂಟನ್ ಅದನ್ನು ಹಕ್ಕಾಗಿ ಪಡೆಯುವುದನ್ನು ಕೊನೆಗಾಣಿಸಿದರು. ಹಾಗಾಗಿಯೇ ಶಕ್ತಿ ಯೋಜನೆಯ ಬಸ್ಸಿನಲ್ಲಿ ತೋಟದ ಮನೆಯವರೂ ಸುಲಿಯುವವರೂ ಒಟ್ಟಿಗೆ ಕೂತು ಹೋಗುವುದು ದೊಡ್ಡ ಸಂಗತಿ ಅನ್ನುತ್ತೇನೆ.

ಗೃಹಲಕ್ಷ್ಮಿ ಖಂಡಿತ ಇರಲಿ. ಆದರೆ ಎರಡು ಸಾವಿರ ಕೊಟ್ಟಾಯಿತೆಂದು ಬಗರ್‌ಹುಕುಂ ಅರ್ಜಿಗಳನ್ನು, ಅಂದರೆ ಹಕ್ಕುಪತ್ರವಿಲ್ಲದೆ ಉಳುತ್ತಿರುವ ಸರ್ಕಾರಿ ಜಮೀನನ್ನು ಸಕ್ರಮ ಮಾಡಿ ಎಂಬ ಅರ್ಜಿಗಳನ್ನು, ಮೂಲೆಗೆ ತಳ್ಳುವುದು ಅನ್ಯಾಯ. ಸುಲಿಯಲು ಬಂದಿದ್ದ ಆ ಹೆಂಗಸಿನ ಮನೆಯವರು ಹಾಕಿದ ಅಂಥದೇ ಅರ್ಜಿ, ಫಾರಂ 57, ಇನ್ನೂ ಇತ್ಯರ್ಥವಾಗಿಲ್ಲ. ನಾಯ್ಕರ ಅಪ್ಪನಿಗೆ ಸಿಕ್ಕ ಹಾಗೆ ಅವರಿಗೂ ಹಕ್ಕುಪತ್ರ ಸಿಗಬೇಕು.