ಏರೋಬಾರ್ ಮೇಲೆ ಬಗ್ಗಿದರೆ ಭುಜ ಹಿಡಿದುಕೊಳ್ಳುತ್ತೆ: ಪ್ಯಾಡ್ ಎತ್ತರಿಸಲೋ, ಎಕ್ಸ್‌ಟೆನ್ಷನ್ ಕತ್ತರಿಸಲೋ?

ಹೊಸ ಟ್ರಯಾಥ್ಲಾನ್ (ಈಜು, ಸೈಕಲ್, ಓಟ ಮೂರೂ ಸೇರಿದ ರೇಸು) ಬೈಕಿನಲ್ಲಿ ಅರ್ಧ ಗಂಟೆ ಏರೋಬಾರ್ ಮೇಲೆ, ಅಂದರೆ ಮುಂದೋಳು ಊರಿ ಮುಂದಕ್ಕೆ ಬಗ್ಗಿ ಹಿಡಿಯುವ ಹ್ಯಾಂಡಲ್ ಮೇಲೆ, ಬಗ್ಗಿದರೆ ಸಾಕು, ಭುಜ, ಕುತ್ತಿಗೆ ಎರಡೂ ಹಿಡಿದುಕೊಳ್ಳುತ್ತೆ. ಪ್ಯಾಡ್ (ಮುಂದೋಳು ಊರುವ ಮೆತ್ತೆ) ಎತ್ತರಿಸಬೇಕೋ, ಎಕ್ಸ್‌ಟೆನ್ಷನ್ (ಕೈ ಹಿಡಿಯಲು ಮುಂದಕ್ಕೆ ಚಾಚಿದ ಕೊಳವೆ) ಕತ್ತರಿಸಬೇಕೋ ಅಂತ ಕೇಳಿದ್ದೀರಿ. ಸದ್ಯಕ್ಕೆ ಗರಗಸ ಒಳಗಿಡಿ. ಅದನ್ನೇ ಮೊದಲು ಕೈಗೆತ್ತಿಕೊಂಡು ಕೆಟ್ಟವನು ನಾನು.

ನನಗೂ ಭುಜ ನೋಯುತ್ತಿತ್ತು. ಹ್ಯಾಂಡಲ್ ತೀರಾ ತಗ್ಗಿನಲ್ಲಿದೆ ಅಂದುಕೊಂಡು ಪ್ಯಾಡ್ ಕೆಳಗೆ 20 ಮಿಲಿಮೀಟರ್ ಸ್ಪೇಸರ್ (ಎತ್ತರಿಸುವ ಬಿಲ್ಲೆ) ಹಾಕಿದೆ. ಎರಡು ದಿನ ಹಾಯೆನಿಸಿತು, ಮೂರನೇ ದಿನ ಮತ್ತೆ ಅದೇ ರಾಗ. ಒಮ್ಮೆ ಬೈಕ್ ಇಳಿದು ತೋಳು ನೋಡಿಕೊಂಡಾಗಲೇ ಸಂಗತಿ ಹೊಳೆದದ್ದು. ಪ್ಯಾಡ್ ಒತ್ತಿದ ಕೆಂಪು ಗುರುತು ಮೊಣಕೈಗೂ ಮಣಿಕಟ್ಟಿಗೂ ನಟ್ಟನಡುವೆ ಇತ್ತು. ಅಂದರೆ ಮೊಣಕೈ ಪ್ಯಾಡಿನ ಹಿಂದೆ ಗಾಳಿಯಲ್ಲಿ ನೇತಾಡುತ್ತಿತ್ತು, ಮೈಭಾರವನ್ನೆಲ್ಲ ಭುಜದ ಸ್ನಾಯು ಹೊರುತ್ತಿತ್ತು. ಆ ಗುರುತು ಇರಬೇಕಾದ್ದು ಮೊಣಕೈಯಿಂದ ಸ್ವಲ್ಪವೇ ಮುಂದೆ, ಮಾಂಸ ತುಂಬಿದ ಜಾಗದಲ್ಲಿ. ಆಗ ಭಾರ ತೋಳಿನ ಮೂಳೆಯ ಮೇಲೇ ಇಳಿಯುತ್ತೆ, ಭುಜ ಸುಮ್ಮನೆ ಇರಬಹುದು. ನನ್ನ ಪ್ಯಾಡ್‌ಗಳು ತಗ್ಗಿನಲ್ಲಿರಲಿಲ್ಲ, ದೂರದಲ್ಲಿದ್ದವು. ಇನ್ನೊಂದು ಸುಳಿವೂ ಇತ್ತು: ನಿಮಿಷಕ್ಕೊಮ್ಮೆ ಸೀಟಿನ ತುದಿಗೆ ಜಾರುವುದು, ಮತ್ತೆ ಹಿಂದಕ್ಕೆ ಸರಿದು ಕೂರುವುದು. ನೀವೂ ಹಾಗೆ ಮಾಡುತ್ತಿದ್ದರೆ ನಿಮ್ಮದೂ ಬಹುಶಃ ಇದೇ ಕಥೆ.

ಏನನ್ನೂ ಸಡಿಲಿಸುವ ಮೊದಲು ಈಗಿರುವ ಅಳತೆಗಳನ್ನು ಬರೆದಿಡಿ, ಫೋಟೋ ತೆಗೆಯಿರಿ, ಎಕ್ಸ್‌ಟೆನ್ಷನ್ ಕ್ಲ್ಯಾಂಪಿಗೆ ಸೇರುವ ಕಡೆ ಟೇಪ್ ಸುತ್ತಿ. ಆಮೇಲೆ ಸೀಟು. ಅದರ ಎತ್ತರ, ಹಿಂದು-ಮುಂದು ಎರಡೂ ಗಟ್ಟಿಯಾಗುವ ತನಕ ಮುಂದಿನ ಭಾಗ ಮುಟ್ಟಬೇಡಿ. ಸೀಟು 1 ಸೆಂಟಿಮೀಟರ್ ಸರಿದರೂ ಪ್ಯಾಡಿನ ಲೆಕ್ಕ ತಲೆಕೆಳಗು. ಬೈಕನ್ನು ಟ್ರೇನರ್ (ನಿಂತಲ್ಲೇ ತುಳಿಯುವ ಸ್ಟ್ಯಾಂಡ್) ಮೇಲೆ ನಿಲ್ಲಿಸಿ, 15 ನಿಮಿಷ ರೇಸಿನ ಜೋರಿನಲ್ಲೇ ತುಳಿದ ಮೇಲೆ ಪಕ್ಕದಿಂದ ವಿಡಿಯೋ ಮಾಡಿ. ದಣಿಯದ ಮೈ ಕ್ಯಾಮೆರಾ ಮುಂದೆ ಸುಳ್ಳು ಹೇಳುತ್ತೆ. ಮೇಲ್ದೋಳಿಗೂ ಬೆನ್ನಿಗೂ ನಡುವೆ ಹೆಚ್ಚುಕಮ್ಮಿ 90 ಡಿಗ್ರಿ ಕಾಣಿಸಬೇಕು, ಸ್ವಲ್ಪ ಜಾಸ್ತಿಯಾದರೂ ನಡೆಯುತ್ತೆ. ತೀರಾ ಚಾಚಿಕೊಂಡಿದ್ದರೆ ಪ್ಯಾಡ್ ಹಿಂದಕ್ಕೆ ತನ್ನಿ. ಹೆಚ್ಚಿನ ಪ್ಯಾಡ್ ತಟ್ಟೆಗಳಲ್ಲಿ ಬೋಲ್ಟ್ ಬದಲಿಸಿ ಹಾಕಲು ಬೇರೆ ಬೇರೆ ತೂತುಗಳಿರುತ್ತವೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದರ ಮೇಲೆ ಎರಡು ಮೂರು ರೈಡ್.

ಎತ್ತರ ಅದಾದ ಮೇಲಿನ ಮಾತು. ತಗ್ಗಿದಷ್ಟೂ ವೇಗ ಅನ್ನುವ ಹುಚ್ಚು ಬಹಳ ಜನಕ್ಕಿದೆ. ಮೂರು ವಾರದ ಸೈಕಲ್ ರೇಸಾದ ಟೂರ್ ದ ಫ್ರಾನ್ಸ್‌ನಲ್ಲಿ 1989ರ ಕೊನೆಯ ದಿನ ಅಮೆರಿಕದ ಗ್ರೆಗ್ ಲೆಮಾಂಡ್ ಏರೋಬಾರ್ ಹಿಡಿದು ಓಡಿಸಿ, ಇಡೀ ಟೂರನ್ನು 8 ಸೆಕೆಂಡಿನಲ್ಲಿ ಗೆದ್ದದ್ದು ನಿಜ. ಆದರೆ ಆ ದಿನದ ದೂರ 24.5 ಕಿಲೋಮೀಟರ್, ಅರ್ಧ ಗಂಟೆಯೊಳಗೆ ಮುಗಿದುಹೋಯಿತು. ನೀವು 90 ಅಥವಾ 180 ಕಿಲೋಮೀಟರ್ ತುಳಿದು, ಇಳಿದು ಓಡಬೇಕು. ಮೊಣಕಾಲು ಮೇಲೆ ಬಂದಾಗ ಹೊಟ್ಟೆ ಒತ್ತಿ ಉಸಿರು ಕಟ್ಟಿದಂತಾದರೆ ಸ್ಪೇಸರ್ ಹಾಕಿ, ನಾಚಿಕೆ ಬೇಡ. ಸ್ಪೇಸರ್ ಹೆಚ್ಚಿಸಿದಾಗ ಬೋಲ್ಟ್ ಕೂಡ ಅದಕ್ಕೆ ತಕ್ಕಷ್ಟು ಹೆಚ್ಚು ಉದ್ದದ್ದು ಬೇಕು. ಹಳೆಯ ಗಿಡ್ಡ ಬೋಲ್ಟ್ ಎರಡೇ ಸುತ್ತು ಹಿಡಿದುಕೊಂಡಿದ್ದರೆ ರಸ್ತೆ ಗುಂಡಿಯಲ್ಲಿ ಪ್ಯಾಡ್ ಕಿತ್ತು ಕೈಗೆ ಬರುತ್ತೆ. ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ಕೇಬಲ್ ಎಳೆಯುತ್ತಿದೆಯೋ ಅಂತಲೂ ನೋಡಿ.

ಪ್ಯಾಡುಗಳ ನಡುವಿನ ಅಂತರದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ, ಅಗಲದಿಂದ ಶುರು ಮಾಡಿ, ಒಗ್ಗಿದ ಹಾಗೆ ಹತ್ತಿರ ತನ್ನಿ. ನನಗೆ ನಿಜಕ್ಕೂ ಆರಾಮ ಕೊಟ್ಟದ್ದು ಎಕ್ಸ್‌ಟೆನ್ಷನ್ನಿನ ಓರೆ. ತುದಿಯನ್ನು ಸುಮಾರು 10 ಡಿಗ್ರಿ ಮೇಲೆತ್ತಿದೆ, ತೋಳು ಮುಂದಕ್ಕೆ ಜಾರುವುದು ನಿಂತಿತು, ಮುಷ್ಟಿ ತಾನಾಗಿ ಸಡಿಲವಾಯಿತು.

ಉದ್ದ ಕೊನೆಗೆ. ಮುಂದೋಳು ಅಲ್ಲಾಡದೆ, ಮಣಿಕಟ್ಟು ಸೊಟ್ಟಗಾಗದೆ ಗೇರ್ ಬದಲಾಯಿಸಲು ಬೆರಳು ಎಟುಕಿದರೆ ಅದೇ ನಿಮ್ಮ ಉದ್ದ. ಪ್ಯಾಡ್ ಸರಿಮಾಡುವ ಮೊದಲೇ ನಾನು 2 ಸೆಂಟಿಮೀಟರ್ ಕತ್ತರಿಸಿಬಿಟ್ಟಿದ್ದೆ. ಆಮೇಲೆ ಪ್ಯಾಡಿನ ಜೊತೆ ಕೊಳವೆಯನ್ನೂ ಹಿಂದಕ್ಕೆ ತಂದಾಗ ಅದರ ಬಾಲ ಮೊಣಕೈಗೆ ಚುಚ್ಚತೊಡಗಿತು, ಮುಂದಕ್ಕೆ ತಳ್ಳಿದರೆ ಕ್ಲ್ಯಾಂಪಿಗೆ ಹಿಡಿತ ಸಾಲದು. ಹೊಸ ಜೋಡಿಯನ್ನೇ ಕೊಳ್ಳಬೇಕಾಯಿತು! ಕತ್ತರಿಸಲೇಬೇಕೆಂದರೆ ಹಿಂಬದಿಯಿಂದ ಸ್ವಲ್ಪ ಸ್ವಲ್ಪವೇ ಕೊಯ್ಯಿರಿ, ಕ್ಲ್ಯಾಂಪಿನೊಳಗೆ ಕನಿಷ್ಠ ಎಷ್ಟಿರಬೇಕು ಅನ್ನುವ ಗುರುತು ದಾಟಬೇಡಿ. ಕಾರ್ಬನ್ ಆದರೆ ಸಣ್ಣ ಹಲ್ಲಿನ ಬ್ಲೇಡ್, ಸುತ್ತ ಟೇಪ್, ಮೂಗಿಗೆ ಮಾಸ್ಕ್. ಅದರ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಜೋಡಿಸುವಾಗ ಗ್ರೀಸ್ ಬಳಿಯದೆ ಕಾರ್ಬನ್ ಪೇಸ್ಟ್ (ಜಾರದಂತೆ ಹಿಡಿತ ಕೊಡುವ ಪೇಸ್ಟ್) ಹಚ್ಚಿ, ಕ್ಲ್ಯಾಂಪ್ ಮೇಲೆ ಅಚ್ಚಾಗಿರುವ ನ್ಯೂಟನ್ ಮೀಟರ್ ಎಷ್ಟೋ ಅಷ್ಟಕ್ಕೇ ಟಾರ್ಕ್ ರೆಂಚ್‌ನಿಂದ (ಬಿಗಿತ ಅಳೆಯುವ ಪಾನಾ) ಬಿಗಿ ಮಾಡಿ.

ನಾಳೆ ರೈಡ್ ಮುಗಿದ ಕೂಡಲೇ ತೋಳು ನೋಡಿಕೊಳ್ಳಿ. ಕೆಂಪು ಗುರುತು ಎಲ್ಲಿ ಬಿದ್ದಿದೆ ಅಂತ ಬರೆಯಿರಿ, ಪ್ಯಾಡ್ ಎಷ್ಟು ಸರಿಸಬೇಕು ಅಂತ ಒಟ್ಟಿಗೆ ಲೆಕ್ಕ ಹಾಕೋಣ.