'ಏರು' ಪದಕ್ಕೆ 'ಇಳಿಕೆ' ಯಾಕೆ ಒಪ್ಪಲ್ಲ?

ಮಗಳು 'ಏರು' ಪದಕ್ಕೆ ವಿರುದ್ಧ ಪದವಾಗಿ 'ಇಳಿಕೆ' ಬರೆದರೆ ಟೀಚರ್ ಯಾಕೆ ತಪ್ಪು ಹಾಕಿದರು ಎಂದು ಕೇಳಿದ್ದೀರಿ. ಅರ್ಥವೇನೋ ಉಲ್ಟಾ ಇದೆ, ಆದರೆ ಪದದ ಗುಂಪು ಬೇರೆ. 'ಇಳಿಕೆ' ನಾಮಪದ, ಅದರ ಜೋಡಿ 'ಏರಿಕೆ'. 'ಏರು' ಕ್ರಿಯಾಪದವಾದರೆ 'ಇಳಿ' ಬೇಕು.

ನಮ್ಮ ಕೋಲಾರದ ಮಂಡಿ ಮಾತಿನಲ್ಲೇ ನೋಡಿ. 'ಟೊಮೆಟೊ ರೇಟು ಏರಿತು' ಅಂತೀವಿ. ಅಲ್ಲಿ 'ಇಳಿಕೆ' ಕೂರಲ್ಲ, 'ಇಳಿಯಿತು' ಕೂರುತ್ತೆ. ಮಗಳಿಗೆ ಹೀಗೇ ವಾಕ್ಯದಲ್ಲಿಟ್ಟು ನೋಡೋಕೆ ಹೇಳಿ. 'ಹಳೆಯ ಮನೆ', 'ಹೊಸ ಮನೆ' ಅಂದಾಗ 'ಹಳೆಯ', 'ಹೊಸ' ಎರಡೂ ಗುಣವಾಚಕ, ಅದಕ್ಕೇ ಜೋಡಿ ಸಲೀಸು.

ಎಡವೋದು ಇನ್ನೊಂದು ಕಡೆ. 'ಬರು' ಪದಕ್ಕೆ ಮಕ್ಕಳು 'ಬರಲ್ಲ' ಬರೀತಾರೆ. ಅದು ಬರೀ ನಿಷೇಧ. ವಿರುದ್ಧ ಪದ 'ಹೋಗು'. ಅಂದಹಾಗೆ, ಟೊಮೆಟೊಗೆ ವಿರುದ್ಧ ಪದವೇ ಇಲ್ಲ. ವಸ್ತುಗಳ ಹೆಸರಿಗೆ ಸುಮ್ನೆ ಹುಡುಕಬೇಡಿ!