ರೂಪಾಯಿ ಚಿಹ್ನೆ ಎಲ್ಲಿ ಕೆಟ್ಟಿತು? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮದು ಕೊಬ್ಬರಿ ಮಂಡಿ. ಬಿಲ್ಲಿಂಗ್ ಸಾಫ್ಟ್‌ವೇರ್‌ನಿಂದ ತೆಗೆದ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಠ್ಯದ) ಫೈಲನ್ನು ಎಕ್ಸೆಲ್‌ನಲ್ಲಿ ತೆರೆದರೆ ₹ ಇದ್ದ ಕಡೆಯೆಲ್ಲ ಟೋಪಿ ಹಾಕಿದ ಇಂಗ್ಲಿಷಿನ ಎ, ಒಂದು ಅಲ್ಪವಿರಾಮ, ಪುಟ್ಟ 1 ಕಾಣುತ್ತವೆ. ಫೈಲ್ ಹಾಳಾಗಿದೆಯೇ?
(ತಿಪಟೂರು, ತುಮಕೂರು ಜಿಲ್ಲೆ)

ಉತ್ತರ: ಫೈಲ್ ನೆಟ್ಟಗಿದೆ, ಓದಿದ ರೀತಿ ತಪ್ಪು. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ₹ ಚಿಹ್ನೆಯ ಸಂಖ್ಯೆ 8377. ಫೈಲಿನಲ್ಲಿ ಸಂಖ್ಯೆ ಇಡುವ ಪುಟ್ಟ ಖಾನೆಯೇ ಬೈಟು; ಒಂದು ಬೈಟಿಗೆ 255 ದಾಟಿದ್ದು ಹಿಡಿಸದು. ಹಾಗಾಗಿ ಯೂನಿಕೋಡ್ ಸಂಖ್ಯೆಯನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ವಿಧಾನ ಅದನ್ನು ಮೂರಾಗಿ ಒಡೆಯುತ್ತದೆ. 8377ರಲ್ಲಿ 4096 ಎರಡು ಸಲ, 64 ಎರಡು ಸಲ, ಮಿಕ್ಕಿದ್ದು 57. ಮೊದಲನೆಯದಕ್ಕೆ 224, ಉಳಿದೆರಡಕ್ಕೆ 128 ಕೂಡಿಸಿ: 226, 130, 185. ಫೈಲಿನಲ್ಲಿರುವುದು ಇವೇ. ಇದು ಯುಟಿಎಫ್-8 ಎಂಬ ಸುಳಿವು ಸಿಗದಿದ್ದರೆ ಎಕ್ಸೆಲ್ ವಿಂಡೋಸ್‌ನ ಹಳೆಯ ‘1252’ ಎಂಬ ಅಕ್ಷರಪಟ್ಟಿ ಹಿಡಿದು, ಬೈಟಿಗೊಂದು ಅಕ್ಷರದಂತೆ ಓದುತ್ತದೆ. ಆ ಪಟ್ಟಿಯಲ್ಲಿ 226 ಟೋಪಿಯ ಎ, 130 ಅಲ್ಪವಿರಾಮದಂಥ ಗುರುತು, 185 ಮೇಲೇರಿದ 1.

ಫೈಲಿನ ಮೇಲೆ ಡಬಲ್ ಕ್ಲಿಕ್ ಬೇಡ. ಖಾಲಿ ಶೀಟ್ ತೆರೆದು ‘ಡೇಟಾ’, ಅದರಲ್ಲಿ ‘ಫ್ರಮ್ ಟೆಕ್ಸ್ಟ್/ಸಿಎಸ್‌ವಿ’ ಒತ್ತಿ. ‘ಫೈಲ್ ಒರಿಜಿನ್’ನಲ್ಲಿ 65001 (ಯುಟಿಎಫ್-8ರ ಸಂಖ್ಯೆ) ಆರಿಸಿ ಲೋಡ್ ಕೊಡಿ. ದಿನಾ ಈ ಗೋಜು ಬೇಡವೆಂದರೆ ಸಾಫ್ಟ್‌ವೇರ್‌ನವರಿಗೆ ಫೈಲಿನ ಆರಂಭದಲ್ಲೇ ಬಿಒಎಂ ಎಂಬ ಗುರುತು ಹಾಕಲು ಹೇಳಿ. 239, 187, 191 ಎಂಬ ಮೂರು ಬೈಟು ಅದು. ಕಂಡ ಕೂಡಲೇ ಇದು ಯುಟಿಎಫ್-8 ಎಂದು ಎಕ್ಸೆಲ್‌ಗೆ ಗೊತ್ತಾಗುತ್ತದೆ. ಅದೇ ಫೈಲನ್ನು ಬೇರೆ ಪ್ರೋಗ್ರಾಮಿಗೂ ಕೊಡುವುದಿದ್ದರೆ ಮಾತ್ರ ಹುಷಾರು. ಬಿಒಎಂ ಅರಿಯದ ಪ್ರೋಗ್ರಾಂ ಅದನ್ನು ಮೊದಲ ಕಾಲಮ್ಮಿನ ಹೆಸರಿಗೆ ಅಂಟಿಸಿಕೊಂಡು, ಅಂಥ ಕಾಲಮ್ಮೇ ಇಲ್ಲ ಅನ್ನುತ್ತದೆ.

ಪ್ರಶ್ನೆ: ಟೊಮೇಟೊ ಬಾಕ್ಸಿನ ದರವನ್ನು ರೈತರಿಗೆ ಇಂಗ್ಲಿಷಿನಲ್ಲಿ ಎಸ್‌ಎಂಎಸ್ ಮಾಡುತ್ತೇವೆ, ಸುಮಾರು 150 ಅಕ್ಷರ. ‘ಆರ್‌ಎಸ್’ ತೆಗೆದು ₹ ಹಾಕಿದಂದಿನಿಂದ ಒಂದರ ಬದಲು ಮೂರು ಎಸ್‌ಎಂಎಸ್ ದುಡ್ಡು ಹೋಗುತ್ತಿದೆ. ಇದು ಮೋಸ ತಾನೆ?
(ಕೋಲಾರ)

ಉತ್ತರ: ಮೋಸವಲ್ಲ, ಲೆಕ್ಕ. ಒಂದು ಎಸ್‌ಎಂಎಸ್‌ಗೆ ಇರುವ ಜಾಗ 140 ಬೈಟು, ಬೈಟಿಗೆ 8 ಬಿಟ್. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕಾದ್ದರಿಂದ 160 ಹಿಡಿಯುತ್ತವೆ. ₹ ಚಿಹ್ನೆ ಬಂದದ್ದೇ 2010ರಲ್ಲಿ. ಅದಕ್ಕಿಂತ ಹಳೆಯದಾದ 7 ಬಿಟ್ ಪಟ್ಟಿಯಲ್ಲಿ ಅದಕ್ಕೆ ಸ್ಥಾನವಿಲ್ಲ. ಒಂದೇ ಒಂದು ₹ ಸೇರಿದರೂ ಇಡೀ ಸಂದೇಶ 16 ಬಿಟ್‌ಗೆ ಹೋಗಿ ಮಿತಿ 70ಕ್ಕೆ ಇಳಿಯುತ್ತದೆ. ಉದ್ದವಾಗಿ ತುಂಡಾದರೆ, ಜೋಡಿಸುವ ವಿವರಕ್ಕೆ ತುಂಡಿಗೆ 6 ಬೈಟು ಕಳೆದು 67 ಉಳಿಯುತ್ತದೆ. ಎರಡು ತುಂಡಿಗೆ 134, ನಿಮ್ಮದು 150. ವರ್ಡ್‌ನಿಂದ ನಕಲು ಮಾಡಿದಾಗ ನುಸುಳುವ ಬಾಗಿದ ಉದ್ಧರಣ ಚಿಹ್ನೆಯೂ ಇದೇ ಕೆಲಸ ಮಾಡುತ್ತದೆ.

‘ಆರ್‌ಎಸ್’ಗೆ ಮರಳಿ, ಇಲ್ಲವೇ ಕನ್ನಡದಲ್ಲೇ ಕಳಿಸಿ. ರೈತರಿಗೆ ಕನ್ನಡವೇ ಸರಿ ಎನ್ನುವುದು ನಮ್ಮ ಅಭಿಪ್ರಾಯ. ಅಲ್ಲಿ ಹೇಗೂ 16 ಬಿಟ್ಟೇ ಆದ್ದರಿಂದ ₹ ಬಳಸಲು ಅಂಜಬೇಕಿಲ್ಲ. ಎಣಿಕೆ ಮಾತ್ರ ಕಣ್ಣಿಗೆ ಕಂಡಂತಿರದು. ‘ಕೋಲಾರ’ ಐದು: ಕ, ಓತ್ವ, ಲ, ದೀರ್ಘ, ರ. ‘ಕ್ಷ’ ಒಂದಕ್ಕೇ ಮೂರು.

ಪ್ರಶ್ನೆ: ರೇಷ್ಮೆಗೂಡು ತರುವ ರೈತರ ಹೆಸರನ್ನು ಎಕ್ಸೆಲ್‌ನಲ್ಲಿ ಕನ್ನಡದಲ್ಲಿ ಟೈಪ್ ಮಾಡಿ ಸಿಎಸ್‌ವಿಯಾಗಿ ಸೇವ್ ಮಾಡಿದೆವು. ತೆರೆದರೆ ಎಲ್ಲವೂ ಬರೀ ಪ್ರಶ್ನಾರ್ಥಕ ಚಿಹ್ನೆ. ವಾಪಸ್ ತರಬಹುದೇ?
(ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಜಿಲ್ಲೆ)

ಉತ್ತರ: ಆ ಫೈಲಿನಿಂದ ಆಗದು. ಸಾದಾ ಸಿಎಸ್‌ವಿ ಆರಿಸಿದರೆ ಎಕ್ಸೆಲ್ ಹಳೆಯ 1252 ಪಟ್ಟಿಯಲ್ಲೇ ಬರೆಯುತ್ತದೆ. ಅಲ್ಲಿ ಸಿಗದ ಪ್ರತಿ ಸಂಕೇತಕ್ಕೂ 63, ಅಂದರೆ ‘?’. ‘ಗೌಡ’ ಬರೆದರೂ 63, 63, 63. ‘ರಾಮ’ ಬರೆದರೂ ಅದೇ. ಯಾವುದು ಯಾವುದೆಂದು ಹೇಳುವ ಗುರುತೇ ಉಳಿದಿಲ್ಲ. ಟೈಪ್ ಮಾಡಿದ ಶೀಟ್ ಇನ್ನೂ ತೆರೆದೇ ಇದ್ದರೆ ಮುಚ್ಚುವ ಮೊದಲು ಎಕ್ಸೆಲ್‌ನದೇ ಫೈಲ್ ನಮೂನೆಯಾದ ಎಕ್ಸ್‌ಎಲ್‌ಎಸ್‌ಎಕ್ಸ್ ಆಗಿ ಉಳಿಸಿ. ಮುಂದೆ ಪಟ್ಟಿಯಲ್ಲಿ ‘ಸಿಎಸ್‌ವಿ ಯುಟಿಎಫ್-8’ ಎಂದಿರುವುದನ್ನೇ ಆರಿಸಿ.

ಖಾಲಿ ಚೌಕಗಳು ಕಂಡರೆ ಗಾಬರಿ ಬೇಡ, ಬೈಟು ಸರಿಯಿವೆ, ಫಾಂಟ್ ಇಲ್ಲ ಅಷ್ಟೆ. ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆ ಕಲಸಿಕೊಂಡಿದ್ದರೆ ಅದು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟಿನಲ್ಲಿ ಟೈಪ್ ಮಾಡಿದ್ದಿರಬಹುದು. ಅದಕ್ಕೆ 65001 ಪ್ರಯೋಜನವಿಲ್ಲ, ಯೂನಿಕೋಡ್ ಪರಿವರ್ತಕವೇ ಬೇಕು.